ಪಿ0101 ಬಂದರೂ ಸೆನ್ಸರ್ ಬದಲಿಸಲಿಲ್ಲ: ಸೂಪರ್‌ಚಾರ್ಜರ್ ಗಾಡಿಯಲ್ಲಿ ಗಾಳಿಯ ಲೆಕ್ಕ ಹಿಡಿದದ್ದು ಹೀಗೆ

ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪ್) ಇರುವ ಗಾಡಿಯಲ್ಲಿ ಏರ್‌ಫ್ಲೋ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವ ಸಾಧನ) ಬಗ್ಗೆ ಪಿ0101ರಂಥ ದೋಷದ ಕೋಡ್ ಬಂತು ಅಂದರೆ ಹೆಚ್ಚಿನವರು ಮೊದಲು ಸೆನ್ಸರ್ ಬದಲಿಸುತ್ತಾರೆ. ನನಗೂ ಅದೇ ಸಲಹೆ ಸಿಕ್ಕಿತು. ನಾನು ಬದಲಿಸಲಿಲ್ಲ. ಕೋಡ್ ಹೇಳುವುದು ಗಾಳಿಯ ಲೆಕ್ಕ ತಾಳೆ ಆಗುತ್ತಿಲ್ಲ ಅಂತ ಅಷ್ಟೇ. ಸೆನ್ಸರ್ ತಪ್ಪು ಎಣಿಸುತ್ತಿದೆಯೋ, ಗಾಳಿಯೇ ಬೇರೆ ದಾರಿಯಲ್ಲಿ ಒಳಗೆ ಹೊರಗೆ ಓಡಾಡುತ್ತಿದೆಯೋ ಎನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ನನ್ನದು 2 ಲೀಟರ್ ಪೆಟ್ರೋಲ್ ಎಂಜಿನ್. ಅದಕ್ಕೆ ಬೆಲ್ಟ್‌ನಿಂದ ತಿರುಗುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಇದೆ. ಐಡಲ್‌ನಲ್ಲಿ, ಅಂದರೆ ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಏರಿಳಿಯುತ್ತಿತ್ತು. ಸ್ಕ್ಯಾನರ್ ಹಾಕಿದರೆ ಎರಡು ಕೋಡ್: ಪಿ0101 ಮತ್ತು ಪಿ0171. ಮೊದಲನೆಯದು ಏರ್‌ಫ್ಲೋ ಸೆನ್ಸರ್ ಕೊಡುವ ಅಂಕಿ ಎಂಜಿನ್‌ನ ಸ್ಥಿತಿಗೆ ಹೊಂದುತ್ತಿಲ್ಲ ಎನ್ನುತ್ತದೆ. ಎರಡನೆಯದು ಮಿಶ್ರಣ ಲೀನ್ ಆಗಿದೆ ಎನ್ನುತ್ತದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆದರೆ ಜೋರಾಗಿ ಎಳೆದಾಗ ಸೈಲೆನ್ಸರ್ ತುದಿಯಲ್ಲಿ ಕಪ್ಪು ಮಸಿ, ಜೊತೆಗೆ ಪೆಟ್ರೋಲ್ ವಾಸನೆ. ಅದು ರಿಚ್, ಅಂದರೆ ಪೆಟ್ರೋಲ್ ಜಾಸ್ತಿ ಆಗಿರುವ ಗುರುತು. ಒಂದೇ ಗಾಡಿ ನಿಂತಾಗ ಲೀನ್, ಎಳೆದಾಗ ರಿಚ್. ಈ ವಿರೋಧವೇ ನನಗೆ ದಾರಿ ತೋರಿಸಿತು.

ಸೆನ್ಸರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದು ಸುಲಭ. ಒಳಗೆ ಒಂದು ಸಣ್ಣ ತಂತಿ ಅಥವಾ ತೆಳು ಪದರ ಇರುತ್ತದೆ. ಒಳಬರುವ ಗಾಳಿಗಿಂತ ಅದನ್ನು ಒಂದು ನಿಗದಿತ ಮಟ್ಟಕ್ಕೆ ಬಿಸಿಯಾಗಿಡುತ್ತಾರೆ. ಗಾಳಿ ಹರಿದಷ್ಟೂ ಅದು ತಣ್ಣಗಾಗುತ್ತದೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕು ಎನ್ನುವುದರಿಂದ ಗಾಳಿಯ ತೂಕ ಸಿಗುತ್ತದೆ, ಸೆಕೆಂಡಿಗೆ ಇಷ್ಟು ಗ್ರಾಂ ಅಂತ. ಇಸಿಯು (ಎಂಜಿನ್‌ನ ಕಂಪ್ಯೂಟರ್) ಆ ತೂಕಕ್ಕೆ ತಕ್ಕ ಪೆಟ್ರೋಲ್ ಹಾಕುತ್ತದೆ. ಇಲ್ಲಿ ಒಂದು ನಂಬಿಕೆ ಅಡಗಿದೆ: ಸೆನ್ಸರ್ ದಾಟಿದ ಗಾಳಿಯೆಲ್ಲ ಸಿಲಿಂಡರ್‌ಗೇ ಹೋಗುತ್ತದೆ, ಸಿಲಿಂಡರ್‌ಗೆ ಹೋಗುವ ಗಾಳಿಯೆಲ್ಲ ಸೆನ್ಸರ್ ದಾಟಿಯೇ ಬರುತ್ತದೆ. ಪೈಪು ಸೋರಿದರೆ ಆ ನಂಬಿಕೆ ಕೆಡುತ್ತದೆ.

ಸಾಮಾನ್ಯ ಎಂಜಿನ್‌ನಲ್ಲಿ ಸೋರಿಕೆ ಅಂದರೆ ಬಹುಪಾಲು ಗಾಳಿ ಒಳಗೆ ನುಗ್ಗುವುದು. ಸೂಪರ್‌ಚಾರ್ಜರ್ ಇದ್ದರೆ ಹಾಗಲ್ಲ. ನನ್ನ ಗಾಡಿಯಲ್ಲಿ ಸಾಲು ಹೀಗಿದೆ: ಫಿಲ್ಟರ್, ಸೆನ್ಸರ್, ಒಂದು ರಬ್ಬರ್ ಪೈಪು, ಥ್ರಾಟಲ್ (ಕಾಲು ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲು), ಸೂಪರ್‌ಚಾರ್ಜರ್, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವುದು), ಆಮೇಲೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ). ಇದನ್ನು ನಾನು ಮೂರು ಭಾಗ ಮಾಡಿಕೊಂಡೆ.

ಸೆನ್ಸರ್‌ನಿಂದ ಥ್ರಾಟಲ್‌ವರೆಗಿನ ಪೈಪಿನಲ್ಲಿ ಯಾವಾಗಲೂ ಸ್ವಲ್ಪವೇ ಎಳೆತ ಇರುತ್ತದೆ. ಐಡಲ್‌ನಲ್ಲಿ ಅದು ಇಲ್ಲದ ಹಾಗೆಯೇ, ಗಾಳಿ ಜಾಸ್ತಿ ಹರಿದಷ್ಟೂ ಎಳೆತವೂ ಜಾಸ್ತಿ. ಆದ್ದರಿಂದ ಇಲ್ಲಿ ಬಿರುಕು ಬಿಟ್ಟರೆ ಲೀನ್ ಆಗುವುದು ಮುಖ್ಯವಾಗಿ ಎಳೆಯುವಾಗ. ಥ್ರಾಟಲ್‌ನಿಂದ ಸೂಪರ್‌ಚಾರ್ಜರ್ ಬಾಯಿಯವರೆಗಿನ ಜಾಗದಲ್ಲಿ ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚುವರಿ ಒತ್ತಡ) ಎಂದೂ ಬರುವುದಿಲ್ಲ. ಅಲ್ಲಿ ಸೋರಿದರೆ ಐಡಲ್‌ನಲ್ಲಿ ಜೋರು ಲೀನ್, ವೇಗ ಏರಿದಂತೆ ಅದರ ಪಾಲು ಕಡಿಮೆ, ಆದರೆ ರಿಚ್ ಕಡೆಗೆ ತಿರುಗುವುದೇ ಇಲ್ಲ. ಸೂಪರ್‌ಚಾರ್ಜರ್ ದಾಟಿದ ಮೇಲಿನ ಭಾಗವೇ ವಿಚಿತ್ರ. ಐಡಲ್‌ನಲ್ಲಿ ಅಲ್ಲಿ ವ್ಯಾಕ್ಯೂಮ್ ಇರುತ್ತದೆ, ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತದೆ, ಲೀನ್. ಬೂಸ್ಟ್ ಬಂದ ಕೂಡಲೇ ಅದೇ ಬಿರುಕಿನಿಂದ ಲೆಕ್ಕ ಹಾಕಿದ ಗಾಳಿ ಹೊರಗೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ, ರಿಚ್.

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ಮಾತು ಇದೇ. ಟ್ರಿಮ್ ಅಂದರೆ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಏರಿಸಿ ಅಥವಾ ಇಳಿಸಿ ತಿದ್ದುತ್ತಿದೆ ಎನ್ನುವ ಅಂಕಿ; ಪ್ಲಸ್ ಇದ್ದರೆ ಅದು ಲೀನ್ ಅನ್ನು ತಿದ್ದುತ್ತಿದೆ. ಅದನ್ನು ಐಡಲ್‌ನಲ್ಲಿ ಮಾತ್ರ ನೋಡಿದರೆ ಅರ್ಧ ಕಥೆಯೇ ಸಿಗುವುದು. ಮಿಶ್ರಣವನ್ನು ವ್ಯಾಕ್ಯೂಮ್‌ನಲ್ಲಿ ಒಮ್ಮೆ, ಬೂಸ್ಟ್‌ನಲ್ಲಿ ಒಮ್ಮೆ ನೋಡಬೇಕು. ದಿಕ್ಕು ತಿರುಗಿತಾ ಇಲ್ವಾ ಎನ್ನುವುದೇ ಸೋರಿಕೆಯ ಜಾಗ ಹೇಳಿಬಿಡುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ದಾಖಲೆ ತೆಗೆದುಕೊಂಡೆ. ಐಡಲ್‌ನಲ್ಲಿ ದೀರ್ಘ ಫ್ಯೂಯೆಲ್ ಟ್ರಿಮ್ ಪ್ಲಸ್ 17 ಶೇಕಡಾ. ನಿಲ್ಲಿಸಿಕೊಂಡೇ 2500 ಆರ್‌ಪಿಎಂಗೆ ಏರಿಸಿದರೆ ಪ್ಲಸ್ 6. ಪೂರ್ತಿ ಥ್ರಾಟಲ್‌ನಲ್ಲಿ ಈ ಗಾಡಿಯ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ತಿದ್ದುವುದಿಲ್ಲ, ಹಾಗಾಗಿ ಅಲ್ಲಿ ಟ್ರಿಮ್ ನೋಡಿ ಪ್ರಯೋಜನ ಇಲ್ಲ. ಅದಕ್ಕೆ ಗಾಳಿ-ಪೆಟ್ರೋಲ್ ಅನುಪಾತ ನೇರವಾಗಿ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಹಾಕಿದೆ. ಇಸಿಯು ಕೇಳುತ್ತಿದ್ದ ಗಾಳಿ-ಪೆಟ್ರೋಲ್ ಅನುಪಾತ 11.8, ಗೇಜ್ ತೋರಿಸಿದ್ದು 10.7 ಆಸುಪಾಸು; ಅಂಕಿ ಇಳಿದಷ್ಟೂ ರಿಚ್. ನಿಂತಾಗ ಲೀನ್, ಬೂಸ್ಟ್‌ನಲ್ಲಿ ರಿಚ್. ದಿಕ್ಕು ತಿರುಗಿದೆ. ಮೂರನೆಯ ಭಾಗದ ಮೇಲೆ ಅನುಮಾನ ಗಟ್ಟಿಯಾಯಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಬೂಸ್ಟ್‌ನಲ್ಲಿ ಗೇಜ್ ಲೀನ್ ತೋರಿಸಿದರೆ ಆ ಕ್ಷಣವೇ ಕಾಲು ತೆಗೆಯಿರಿ. ರಿಚ್ ಆಗಿ ಓಡಿದರೆ ಪ್ಲಗ್ ಕಪ್ಪಾಗುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್‌ಗೆ ತೊಂದರೆ. ಬೂಸ್ಟ್‌ನಲ್ಲಿ ಲೀನ್ ಆದರೆ ನಾಕಿಂಗ್ (ಮಿಶ್ರಣ ತಾನಾಗೇ ಸ್ಫೋಟಿಸಿ ಬಡಿಯುವುದು) ಶುರುವಾಗಿ ಪಿಸ್ಟನ್ನೇ ಹೋಗಬಹುದು. ಸೆನ್ಸರ್ ಕನೆಕ್ಟರ್ ಕಿತ್ತು ಓಡಿಸಿ ನೋಡುವ ಪರೀಕ್ಷೆಯನ್ನೂ ಇಂಥ ಗಾಡಿಯಲ್ಲಿ ಐಡಲ್ ದಾಟಿ ಮಾಡಬೇಡಿ.

ಆದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎನ್ನುವುದಕ್ಕೆ ಪುರಾವೆ ಬೇಕಲ್ಲ. ಅದಕ್ಕೆ ಲೆಕ್ಕ ಹಾಕಿದೆ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಅಳತೆಯಷ್ಟು ಗಾಳಿ ಎಳೆಯುತ್ತದೆ. 2 ಲೀಟರ್, 6000 ಆರ್‌ಪಿಎಂ ಅಂದರೆ ನಿಮಿಷಕ್ಕೆ 6000 ಲೀಟರ್, ಸೆಕೆಂಡಿಗೆ 100 ಲೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಅಲ್ಲಿಗೆ 120 ಗ್ರಾಂ. ಅರ್ಧ ಬಾರ್ ಬೂಸ್ಟ್ ಇದ್ದರೆ ಒತ್ತಡ ಒಂದೂವರೆ ಪಟ್ಟು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ದಾಟಿ 60 ಡಿಗ್ರಿ ಇದ್ದರೆ ಸಾಂದ್ರತೆಯ ಲಾಭ 1.3 ಪಟ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಸಿಲಿಂಡರ್ ತುಂಬುವುದು 90 ಶೇಕಡಾ ಅಂತ ಹಿಡಿದರೆ ಸೆಕೆಂಡಿಗೆ 140 ಗ್ರಾಂ ಚಿಲ್ಲರೆ. ನನ್ನ ದಾಖಲೆಯಲ್ಲಿ ಸೆನ್ಸರ್ ತೋರಿಸಿದ್ದು ಅದಕ್ಕಿಂತ ಸ್ವಲ್ಪ ಮೇಲೆ.

ಕೊಳೆಯಾದ ಸೆನ್ಸರ್ ಆಗಿದ್ದರೆ ಸಾಮಾನ್ಯವಾಗಿ ಎಳೆಯುವಾಗ ಗಾಳಿಯನ್ನು ಕಡಿಮೆ ತೋರಿಸುತ್ತದೆ, ಟ್ರಿಮ್ ಲೋಡ್ ಜೊತೆಗೆ ಪ್ಲಸ್ ಕಡೆ ಏರುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಸೆನ್ಸರ್ ಗಾಳಿಯನ್ನು ಸರಿಯಾಗಿಯೇ ಎಣಿಸುತ್ತಿದೆ, ಎಣಿಸಿದ ಗಾಳಿ ಸಿಲಿಂಡರ್ ಮುಟ್ಟುತ್ತಿಲ್ಲ.

ಐಡಲ್‌ಗೂ ಒಂದು ಅಂದಾಜು ಇದೆ. ಬಿಸಿಯಾದ ಎಂಜಿನ್‌ನಲ್ಲಿ ಪ್ರತಿ ಲೀಟರ್‌ಗೆ ಸೆಕೆಂಡಿಗೆ ಸುಮಾರು ಒಂದು ಗ್ರಾಂ. ಸೂಪರ್‌ಚಾರ್ಜರ್ ತಿರುಗಿಸುವ ಹೊರೆ ಇದ್ದರೆ ಇನ್ನೂ ತುಸು ಜಾಸ್ತಿ. ನನ್ನದು 1.7 ತೋರಿಸುತ್ತಿತ್ತು, ಕಡಿಮೆಯೇ. ಉಳಿದ ಗಾಳಿ ಬಿರುಕಿನಿಂದ ಬರುತ್ತಿತ್ತು. ಥ್ರಾಟಲ್, ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ ನೋಡಿ ಇಸಿಯು ತಾನೂ ಒಂದು ಅಂದಾಜು ಇಟ್ಟುಕೊಂಡಿರುತ್ತದೆ. ಸೆನ್ಸರ್ ಅಂಕಿ ಅದಕ್ಕೆ ಕೂಡದಿದ್ದಾಗ ಪಿ0101 ಬರೆಯುತ್ತದೆ.

ವೈರಿಂಗ್ ಬೇಗ ಮುಗಿಯಿತು. ಕನೆಕ್ಟರ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತಿದೆ. ಎಂಜಿನ್ ಓಡುವಾಗ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿಕೊಂಡು, ಅರ್ಥ್ ವೈರ್‌ನಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 0.1 ವೋಲ್ಟ್‌ಗಿಂತ ಕಡಿಮೆ. ಬೆಲ್ಟ್ ಹತ್ತಿರ ಹಾದುಹೋಗುವ ವೈರ್ ಸರಂಜಾಮನ್ನು ಅಲುಗಾಡಿಸಿದರೂ ಅಂಕಿ ಜಿಗಿಯಲಿಲ್ಲ. ಪಿ0102 ಅಥವಾ ಪಿ0103 ಬಂದಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ, ಅವು ಸರ್ಕ್ಯೂಟ್‌ನಲ್ಲಿ ಸಿಗ್ನಲ್ ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಎನ್ನುವ ಕೋಡ್‌ಗಳು.

ಬೈಪಾಸ್ ವಾಲ್ವನ್ನೂ ನೋಡಿದೆ. ಲೋಡ್ ಇಲ್ಲದಾಗ ಸೂಪರ್‌ಚಾರ್ಜರ್ ತಳ್ಳಿದ ಗಾಳಿಯನ್ನು ಅದರ ಬಾಯಿಗೇ ವಾಪಸ್ ಬಿಡುವುದು ಇದರ ಕೆಲಸ. ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆದರೆ ಅದರ ತೋಳು ಚಲಿಸಬೇಕು, ವ್ಯಾಕ್ಯೂಮ್ ಹಾಗೇ ನಿಲ್ಲಬೇಕು. ನಿಂತಿತು. ಇದರ ಗಾಳಿ ಸೆನ್ಸರ್ ದಾಟಿದ ಜಾಗಕ್ಕೇ ವಾಪಸ್ ಬರಬೇಕು ಎನ್ನುವುದನ್ನು ಮರೆಯಬೇಡಿ. ಸೆನ್ಸರ್ ಮೊದಲೇ ಗಾಳಿ ಎಣಿಸಿಬಿಡುವ ಇಂಥ ಗಾಡಿಗೆ ಹೊರಗೆ ಊದುವ ವಾಲ್ವ್ ಹಾಕಿದರೆ, ಕಾಲು ತೆಗೆದಾಗಲೆಲ್ಲ ಎಣಿಸಿದ ಗಾಳಿ ಹೊರಗೆ ಹೋಗಿ ಎಂಜಿನ್ ರಿಚ್ ಆಗಿ ತಡವರಿಸುತ್ತದೆ. ಸದ್ದು ಚೆನ್ನಾಗಿದೆ ಅಂತ ಹಾಕಿಸಿಕೊಳ್ಳುವವರಿಗೆ ಇದನ್ನು ಹೇಳುವವರೇ ಇರಲ್ಲ. ವಾಪಸ್ ಬರುವ ಪೈಪು ಸೆನ್ಸರ್‌ಗೆ ತೀರಾ ಹತ್ತಿರ ಇದ್ದರೂ ಕಷ್ಟ, ಸುಳಿಗಾಳಿ ತಂತಿಗೆ ಬಡಿದು ಒಂದೇ ಗಾಳಿ ಎರಡು ಸಲ ಎಣಿಕೆ ಆಗಬಹುದು.

ಇನ್ನು ಸೋರಿಕೆ ಹುಡುಕುವುದು. ಪೈಪಿನೊಳಗೆ ಹೊಗೆ ತುಂಬಿ ಸೋರಿಕೆ ತೋರಿಸುವ ಸ್ಮೋಕ್ ಮಷಿನ್ ಒಳ್ಳೆಯದೇ, ಆದರೆ ಅದರ ಒತ್ತಡ ಸಾಮಾನ್ಯವಾಗಿ 1 ಪಿಎಸ್‌ಐಗಿಂತ ಕಡಿಮೆ. ಬೂಸ್ಟ್‌ಗೆ ಮಾತ್ರ ಬಾಯಿ ಬಿಡುವ ಬಿರುಕು ಅದಕ್ಕೆ ಸಿಗದೇ ಹೋಗಬಹುದು. ನಾನು ಗಾಳಿ ತುಂಬಿ ಪರೀಕ್ಷೆ ಮಾಡಿದೆ. ಸೆನ್ಸರ್ ಬಿಚ್ಚಿ ಪಕ್ಕಕ್ಕಿಟ್ಟು, ಪೈಪಿನ ಬಾಯಿಗೆ ಒಂದು ಮುಚ್ಚಳ ಕ್ಲಾಂಪ್ ಹಾಕಿ ಬಿಗಿದೆ. ಮುಚ್ಚಳಕ್ಕೆ ಟೈರ್ ವಾಲ್ವ್ ಕೂರಿಸಿದ್ದೆ. ಕಂಪ್ರೆಸರ್‌ನಿಂದ ರೆಗ್ಯುಲೇಟರ್ ಮೂಲಕ ನಿಧಾನಕ್ಕೆ 5 ಪಿಎಸ್‌ಐ ಬಿಟ್ಟೆ. ಗಾಡಿಯ ಮಾಮೂಲಿ ಬೂಸ್ಟ್‌ಗಿಂತ ಜಾಸ್ತಿ ಎಂದೂ ಕೊಡಬಾರದು, ರೆಗ್ಯುಲೇಟರ್ ಇಲ್ಲದೆ ನೇರ ಗಾಳಿ ಬಿಡಲೇಬಾರದು. ಸೀಲ್‌ಗಳು ಹೋಗುತ್ತವೆ, ಮುಚ್ಚಳ ಹಾರಿ ಮುಖಕ್ಕೂ ಬಡಿಯಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ಆಫ್ ಇದ್ದಾಗಲೂ ತುಸು ತೆರೆದೇ ಇರುತ್ತದೆ, ಹಾಗಾಗಿ ಒಳಗೆಲ್ಲ ಒತ್ತಡ ಸಮ ಆಗಲು ಸ್ವಲ್ಪ ಹೊತ್ತು ಕಾಯಬೇಕು.

ಮೊದಲು ಕಿವಿ, ಆಮೇಲೆ ಸೋಪು ನೀರು. ಇಂಟರ್‌ಕೂಲರ್‌ನಿಂದ ಹೊರಬರುವ ಸಿಲಿಕೋನ್ ಹೋಸಿನ ಅಡಿಭಾಗದಲ್ಲಿ, ಕ್ಲಾಂಪ್ ಅಂಚಿಗೆ ಸರಿಯಾಗಿ, ಗುಳ್ಳೆ ಎದ್ದವು. ಮೇಲಿನಿಂದ ನೋಡಿದರೆ ಹೋಸು ಹೊಸದರ ಹಾಗಿತ್ತು. ಕೆಳಗೆ ಕ್ಲಾಂಪ್ ಅಂಚು ಕೊರೆದು ಸೀಳು ಬಿದ್ದಿತ್ತು. ಒತ್ತಡ ಏರಿದಂತೆ ಸೀಳು ಅಗಲವಾಗುವುದು ಕಣ್ಣಿಗೇ ಕಂಡಿತು.

ಇನ್ನೊಂದು ಸದ್ದೂ ಇತ್ತು, ಆಯಿಲ್ ಹಾಕುವ ಮುಚ್ಚಳದ ಕಡೆಯಿಂದ. ಪಿಸ್ಟನ್ ಉಂಗುರದ ಸಂದಿನಿಂದ ಸ್ವಲ್ಪ ಗಾಳಿ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಆಯಿಲ್ ಇರುವ ಕೆಳಭಾಗಕ್ಕೆ) ಇಳಿಯುವುದು ಸಹಜ, ಆದರೆ ಇದು ಜೋರಾಗಿತ್ತು. ಕ್ರ್ಯಾಂಕ್‌ಕೇಸ್ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಹೋಸನ್ನು ಹಿಚುಕಿದರೆ ಸದ್ದು ಇಳಿಯಿತು. ಒಂದೇ ದಿಕ್ಕಿಗೆ ಬಿಡಬೇಕಾದ ಅಲ್ಲಿನ ಚೆಕ್ ವಾಲ್ವ್ ಹಿಮ್ಮುಖವಾಗಿ ಗಾಳಿ ಬಿಡುತ್ತಿತ್ತು. ಬೂಸ್ಟ್ ಬಂದಾಗ ಅದು ಕ್ರ್ಯಾಂಕ್‌ಕೇಸ್‌ಗೆ ಒತ್ತಡ ಕೊಟ್ಟು, ಆಯಿಲ್ ಆವಿಯನ್ನು ಬ್ರೀದರ್ ಪೈಪಿನಿಂದ (ಕ್ರ್ಯಾಂಕ್‌ಕೇಸ್ ಉಸಿರಾಡುವ ಇನ್ನೊಂದು ಪೈಪು) ಸೆನ್ಸರ್ ಆದ ಮೇಲಿನ ಪೈಪಿಗೆ ತಳ್ಳುತ್ತಿತ್ತು. ಪೈಪಿನ ಒಳಗೆ ಬೆರಳಾಡಿಸಿದರೆ ಜಿಡ್ಡು. ಸೆನ್ಸರ್ ತಂತಿಗೂ ತೆಳ್ಳಗೆ ಜಿಡ್ಡು ಹತ್ತಿತ್ತು. ಇದನ್ನು ಬಿಟ್ಟಿದ್ದರೆ ಒಂದು ದಿನ ಸೆನ್ಸರ್ ನಿಜವಾಗಿಯೂ ತಪ್ಪು ಎಣಿಸುತ್ತಿತ್ತು.

ಹೋಸು ಬದಲಿಸಿದೆ, ಒಳಗೆ ನಯವಾದ ಪಟ್ಟಿ ಇರುವ ಕ್ಲಾಂಪ್ ಹಾಕಿದೆ, ಚೆಕ್ ವಾಲ್ವ್ ಹೊಸದು. ಸೆನ್ಸರನ್ನು ಏರ್‌ಫ್ಲೋ ಸೆನ್ಸರ್‌ಗೆಂದೇ ಇರುವ ಸ್ಪ್ರೇಯಿಂದ ತೊಳೆದು, ಮುಟ್ಟದೆ, ಒರೆಸದೆ, ಪೂರ್ತಿ ಒಣಗಲು ಬಿಟ್ಟೆ. ಕಾರ್ಬ್ಯುರೇಟರ್ ಸ್ಪ್ರೇ ಹಾಕಬೇಡಿ, ತಂತಿಯ ಲೇಪನ ಮತ್ತು ಪ್ಲಾಸ್ಟಿಕ್ ಹಾಳಾಗುತ್ತದೆ. ಎಣ್ಣೆ ಸವರುವ ಫಿಲ್ಟರ್ ಬಳಸುವವರು ಎಣ್ಣೆ ಜಾಸ್ತಿ ಹಾಕಿದರೂ ಇದೇ ಜಿಡ್ಡು.

ಸೂಪರ್‌ಚಾರ್ಜರ್‌ಗೆ ಸಣ್ಣ ಪುಲ್ಲಿ (ಬೆಲ್ಟ್ ಚಕ್ರ) ಹಾಕಿ ಬೂಸ್ಟ್ ಏರಿಸಿಕೊಂಡವರಿಗೆ ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ವೋಲ್ಟೇಜ್ ಕೊಡುವ ಸೆನ್ಸರ್‌ಗೆ 5 ವೋಲ್ಟ್ ಹತ್ತಿರ ಮಿತಿ ಇರುತ್ತದೆ. ದಾಖಲೆಯಲ್ಲಿ ಆರ್‌ಪಿಎಂ ಏರುತ್ತಾ ಇದ್ದರೂ ಸೆನ್ಸರ್ ಗೆರೆ ಮೇಲೆ ಹೋಗಿ ಚಪ್ಪಟೆಯಾದರೆ, ಅಲ್ಲಿಂದಾಚೆಗಿನ ಗಾಳಿ ಲೆಕ್ಕಕ್ಕೇ ಇಲ್ಲ. ಸೆನ್ಸರ್ ಕೆಟ್ಟಿಲ್ಲ, ಕೋಡ್ ಕೂಡ ಬಾರದೆ ಇರಬಹುದು, ಆದರೆ ಎಂಜಿನ್ ಪೂರ್ತಿ ಬೂಸ್ಟ್‌ನಲ್ಲಿ ಲೀನ್ ಕಡೆಗೆ ಜಾರುತ್ತಿರುತ್ತದೆ. ಸುಮ್ನೆ ದೊಡ್ಡ ಕೊಳವೆಗೆ ಅದೇ ಸೆನ್ಸರ್ ಕೂರಿಸಿದರೆ ಸಾಲದು. ಆ ಕೊಳವೆಗೆ ತಕ್ಕಂತೆ ಇಸಿಯುನಲ್ಲಿ ಸೆನ್ಸರ್ ಪಟ್ಟಿಯನ್ನು (ಎಷ್ಟು ವೋಲ್ಟ್‌ಗೆ ಎಷ್ಟು ಗಾಳಿ ಎನ್ನುವುದನ್ನು) ತಿದ್ದಿಸಲೇಬೇಕು, ಇಲ್ಲದಿದ್ದರೆ ಅದು ಎಲ್ಲ ಕಡೆಯೂ ಗಾಳಿ ಕಡಿಮೆ ತೋರಿಸುತ್ತದೆ.

ರಿಪೇರಿ ಆದ ಮೇಲೆ ಮತ್ತೆ 5 ಪಿಎಸ್‌ಐ ತುಂಬಿದೆ. ಹೋಸಿನ ಕಡೆ ಗುಳ್ಳೆ ಇಲ್ಲ. ಕೋಡ್ ಮತ್ತು ಕಲಿತ ಟ್ರಿಮ್ ಎರಡನ್ನೂ ಅಳಿಸಿ, ಇಸಿಯು ಮತ್ತೆ ಕಲಿಯುವಷ್ಟು ಓಡಿಸಿದೆ. ಈಗ ಐಡಲ್‌ನಲ್ಲಿ ಟ್ರಿಮ್ ಪ್ಲಸ್ 2, 2500ರಲ್ಲಿ ಪ್ಲಸ್ 1. ಐಡಲ್ ಗಾಳಿ 2.3 ಗ್ರಾಂ. ಬೂಸ್ಟ್‌ನಲ್ಲಿ ಗೇಜ್ 11.7, ಇಸಿಯು ಕೇಳಿದ್ದಕ್ಕೆ ಹತ್ತಿರ. ಹಳೆಯ ಸೆನ್ಸರೇ ಇದೆ. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಗಾಡಿಯ ಕಾಗದಪತ್ರದ ಜೊತೆ ಇಟ್ಟಿದ್ದೇನೆ. ಮುಂದೆ ಯಾವಾಗಾದರೂ ಲೈಟ್ ಬಂದರೆ ಮೊದಲು ಇದರ ಜೊತೆ ಹೋಲಿಸಿ ನೋಡುತ್ತೇನೆ.