ಬ್ಯಾಂಕಾಕ್‌ನ ಒಳ್ಳೆಯ ಥಾಯ್ ರೆಸ್ಟೋರೆಂಟ್‌ನಲ್ಲಿ ಊಟ ತರಿಸುವುದು ಹೇಗೆ

ನಾವು ಮೊದಲ ಸಲ ಬ್ಯಾಂಕಾಕ್‌ನಲ್ಲಿ ಸ್ವಲ್ಪ ದುಬಾರಿ ಥಾಯ್ ರೆಸ್ಟೋರೆಂಟ್‌ಗೆ ಹೋದಾಗ ನಾಲ್ಕು ಜನ ಇದ್ದೆವು. ತಲೆಗೊಂದರಂತೆ ನಾಲ್ಕು ಕರಿ ತರಿಸಿದೆವು. ನಾಲ್ಕೂ ತೆಂಗಿನ ಹಾಲಿನವೇ. ಅರ್ಧ ತಿನ್ನುವಷ್ಟರಲ್ಲಿ ಎಲ್ಲರಿಗೂ ಮುಖಕ್ಕೆ ಹೊಡೆದ ಹಾಗಾಯಿತು. ಅಡುಗೆ ಚೆನ್ನಾಗಿಯೇ ಇತ್ತು, ನಾವು ತರಿಸಿದ ರೀತಿ ತಪ್ಪಾಗಿತ್ತು.

ಥಾಯ್ ಊಟ ಇಡೀ ಟೇಬಲ್‌ಗೆ ಸೇರಿದ್ದು. ನಡುವೆ ಅನ್ನ, ಸುತ್ತ ಎಲ್ಲರೂ ಹಂಚಿಕೊಳ್ಳುವ ಪದಾರ್ಥಗಳು. ನಮ್ಮ ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ, ಗೊಜ್ಜು, ಸಾರು ಒಂದಕ್ಕೊಂದು ಜೊತೆಯಾಗುತ್ತವಲ್ಲ, ಅದೇ ಲೆಕ್ಕ. ನಾಲ್ಕು ಜನ ಇದ್ದರೆ ಐದು ಪದಾರ್ಥ ಸಾಕು: ಹುಳಿ ಸೂಪ್ ಒಂದು, 'ಯಮ್' ಅನ್ನುವ ಹುಳಿ ಖಾರದ ಸಲಾಡ್ ಒಂದು, ತೆಂಗಿನ ಹಾಲಿನ ಕರಿ ಒಂದೇ ಒಂದು, ಹುರಿದ ಸೊಪ್ಪು ಅಥವಾ ತರಕಾರಿ, ಮತ್ತೆ ಮೀನೋ ತೋಫುವೋ ಯಾವುದಾದರೂ ಒಂದು. ಹುಳಿ, ಉಪ್ಪು, ಸಿಹಿ, ಖಾರ ನಾಲ್ಕೂ ಟೇಬಲ್ ಮೇಲೆ ಇರಬೇಕು. ಗೊತ್ತಾಗದಿದ್ದರೆ ಬಡಿಸುವವರನ್ನೇ ಕೇಳಿ, 'ಇದರಲ್ಲಿ ಎರಡು ಒಂದೇ ತರ ಆಯಿತಾ' ಅಂತ. ಸಂತೋಷದಿಂದ ಹೇಳುತ್ತಾರೆ.

ಸಸ್ಯಾಹಾರಿಗಳು ಇದನ್ನು ಗಮನ ಇಟ್ಟು ಓದಿ. ಮಾಂಸ ಹಾಕಬೇಡಿ ಅಂದರೆ ಸಾಲದು. ಉಪ್ಪಿನ ಜಾಗದಲ್ಲಿ ಅಲ್ಲಿ 'ನಾಮ್ ಪ್ಲಾ' ಬರುತ್ತದೆ, ಅದು ಮೀನಿನ ಸಾಸ್. ಕರಿಯ ಮಸಾಲೆ ಅರೆಯುವಾಗಲೇ 'ಗಪಿ', ಅಂದರೆ ಹುದುಗಿಸಿದ ಸೀಗಡಿಯ ಪೇಸ್ಟ್, ಸೇರಿರುತ್ತದೆ, ಹಾಗಾಗಿ ತರಕಾರಿ ಗ್ರೀನ್ ಕರಿ ಅಂತ ಮೆನುವಿನಲ್ಲಿ ಬರೆದಿದ್ದರೂ ಒಳಗೆ ಸೀಗಡಿ ಇರಬಹುದು. ಪರಂಗಿಕಾಯಿ ಸಲಾಡ್‌ಗೆ ಒಣ ಸೀಗಡಿ, ಹುರಿದ ಸೊಪ್ಪಿಗೆ ಆಯ್ಸ್ಟರ್ ಸಾಸ್, ಅಂದರೆ ಸಿಂಪಿಯ ಸಾಸ್. ಅಲ್ಲಿ ಹೇಳಬೇಕಾದ ಪದ 'ಜೇ'. 'ಗಿನ್ ಜೇ' ಅಂದರೆ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ. ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮ ಹಬ್ಬದ ಅಡುಗೆಯ ಹಾಗೆ. ಆದರೆ ಹೋಗಿ ಕೂತ ಮೇಲೆ ಹೇಳಿದರೆ ಕಷ್ಟ, ಮಸಾಲೆ ಅಷ್ಟರಲ್ಲಿ ಅರೆದಾಗಿರುತ್ತದೆ. ಟೇಬಲ್ ಬುಕ್ ಮಾಡುವಾಗಲೇ ಬರೆದು ಕಳಿಸಿ, ಅವರ ಉತ್ತರ ಬರುವ ತನಕ ಖಚಿತ ಅಂದುಕೊಳ್ಳಬೇಡಿ.

ಯಾವ ಜಾಗ ಅನ್ನುವುದೂ ಮುಖ್ಯ. ಬ್ಯಾಂಕಾಕ್‌ನ 'ಸೋರ್ನ್' ಅನ್ನುವ ರೆಸ್ಟೋರೆಂಟ್ 2024ರ ನವೆಂಬರ್‌ನಲ್ಲಿ ಮಿಶೆಲಿನ್ ಅನ್ನುವ ರೆಸ್ಟೋರೆಂಟ್ ಗೈಡ್‌ನ ಅತಿ ದೊಡ್ಡ ಗೌರವ, ಮೂರು ಸ್ಟಾರ್, ಪಡೆಯಿತು, ಥಾಯ್ ಅಡುಗೆಗೆ ಮೂರು ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಮೆನು ಅವರೇ ನಿರ್ಧರಿಸುತ್ತಾರೆ, ಅಡುಗೆ ದಕ್ಷಿಣ ಥಾಯ್ಲೆಂಡಿನದು, ಸಮುದ್ರದ ಪದಾರ್ಥ ಜಾಸ್ತಿ. ಮೀನು ತಿನ್ನುವವರಿಗೆ ಅದು ಸೊಗಸು. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮನೆಯವರೆಲ್ಲ ಜೊತೆಗಿದ್ದರೆ, ಬೇಕಾದ್ದನ್ನು ಆರಿಸಿ ತರಿಸುವ ಜಾಗವೇ ವಾಸಿ ಅಂತ ನನ್ನ ಅಭಿಪ್ರಾಯ. ಮಧ್ಯಾಹ್ನ ಹೋದರೆ ಎಷ್ಟೋ ಕಡೆ ಖರ್ಚೂ ಕಮ್ಮಿ. ಚಡ್ಡಿ, ಹವಾಯಿ ಚಪ್ಪಲಿ ಮಾತ್ರ ಬೇಡ.

'ಮಿಯಾಂಗ್ ಖಾಮ್' ಸಿಕ್ಕಿದರೆ ಬಿಡಬೇಡಿ. ವೀಳ್ಯದೆಲೆಯ ಜಾತಿಗೇ ಸೇರಿದ ಒಂದು ಎಲೆ ಕೊಡುತ್ತಾರೆ. ಅದನ್ನು ಬೀಡಾ ಕಟ್ಟುವ ಹಾಗೆ ಮಡಚಿ, ಹುರಿದ ಕೊಬ್ಬರಿ, ಕಡಲೆಕಾಯಿ ಬೀಜ, ಶುಂಠಿ, ಸಣ್ಣ ಈರುಳ್ಳಿ, ಸಿಪ್ಪೆ ಸಮೇತ ಹೆಚ್ಚಿದ ನಿಂಬೆ ಚೂರು, ಒಂದು ತುಣುಕು ಮೆಣಸಿನಕಾಯಿ ಇಟ್ಟು, ಮೇಲೆ ತಾಳೆಬೆಲ್ಲದ ಪಾಕ ಬಿಟ್ಟು ಇಡೀ ಎಲೆಯನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಬೇಕು. ಕಚ್ಚಿ ತುಂಡು ಮಾಡಿದರೆ ಎಲ್ಲ ಚೆಲ್ಲುತ್ತದೆ. ಒಣ ಸೀಗಡಿ ಪಕ್ಕದಲ್ಲಿ ಬರುತ್ತದೆ, ಪಾಕದಲ್ಲೂ ಗಪಿ ಇರಬಹುದು, ಕೇಳಿಕೊಳ್ಳಿ.

ಚಾಪ್‌ಸ್ಟಿಕ್ ಹುಡುಕಬೇಡಿ, ಅದು ನೂಡಲ್ಸ್‌ಗೆ. ಅನ್ನದ ಊಟಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್ ಬಾಯಿಗೆ ಹೋಗುವುದಿಲ್ಲ, ಅನ್ನವನ್ನು ಚಮಚಕ್ಕೆ ತಳ್ಳುವುದಷ್ಟೇ ಅದರ ಕೆಲಸ. ಅಂಟು ಅನ್ನ ಬಂದರೆ ಕೈಯಲ್ಲೇ ಸಣ್ಣ ಉಂಡೆ ಮಾಡಿ ತಿನ್ನಬಹುದು. ಎಲ್ಲವನ್ನೂ ಒಟ್ಟಿಗೆ ತಟ್ಟೆಗೆ ಸುರಿದುಕೊಂಡು ಕಲಸಬೇಡಿ. ಬಡಿಸುವ ಚಮಚದಲ್ಲಿ ಒಂದು ಪದಾರ್ಥ ಒಂದೆರಡು ಚಮಚ ಹಾಕಿಕೊಂಡು, ಅನ್ನದ ಜೊತೆ ತಿಂದು, ಆಮೇಲೆ ಇನ್ನೊಂದಕ್ಕೆ ಹೋಗಿ. ತೋಮ್ ಯಮ್ ಅನ್ನುವ ಹುಳಿ ಸೂಪ್ ಕೂಡ ಹಾಗೇ, ಅದನ್ನು ಮೊದಲೇ ಕುಡಿದು ಮುಗಿಸಬೇಕಿಲ್ಲ, ಊಟದ ಜೊತೆಗಿರಲಿ. ಅದರಲ್ಲಿರುವ ನಿಂಬೆಹುಲ್ಲು, ಬೇರಿನ ಬಿಲ್ಲೆಗಳು, ನಿಂಬೆ ಎಲೆ ಘಮಕ್ಕೆ ಹಾಕಿದ್ದು. ಸಾರಿನಲ್ಲಿ ಕರಿಬೇವನ್ನು ಸರಿಸುವ ಹಾಗೆ ಪಕ್ಕಕ್ಕಿಡಿ.

ಖಾರ ನಮಗೆ ಅಭ್ಯಾಸ ಅಂತ ಧೈರ್ಯ ಮಾಡಬೇಡಿ. ಅಲ್ಲಿಯದು ಸೂಜಿ ಮೆಣಸಿನಂಥ ಹಸಿ ಖಾರ, ಕೊನೆಗೆ ಮೊಸರನ್ನವೂ ಇರುವುದಿಲ್ಲ ಅಲ್ವಾ. ಮೊದಲು 'ಪೆಟ್ ನಿತ್ ನೋಯ್', ಸ್ವಲ್ಪ ಖಾರ, ಅಂತ ಹೇಳಿ.

ಏಪ್ರಿಲ್ ಹೊತ್ತಿಗೆ ಹೋದರೆ ಮಾವಿನಹಣ್ಣಿನ ಜೊತೆ ಅಂಟು ಅನ್ನ ತರಿಸಿ. ಮೇಲೆ ಹಾಕುವ ತೆಂಗಿನ ಹಾಲಿನಲ್ಲಿ ಚಿಟಿಕೆ ಉಪ್ಪಿರುತ್ತದೆ, ಹಣ್ಣಿನ ಸಿಹಿ ಎದ್ದು ಕಾಣುವುದು ಅದರಿಂದಲೇ.

ಬಿಲ್ ಬೇಕಾದಾಗ 'ಚೆಕ್ ಬಿನ್' ಅಂದರೆ ಸಾಕು. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ 10% ಸರ್ವಿಸ್ ಚಾರ್ಜ್, ಅದರ ಮೇಲೆ 7% ತೆರಿಗೆ ಸೇರುತ್ತದೆ. 1000 ಬಾತ್‌ನ (ಬಾತ್ ಅಂದರೆ ಅಲ್ಲಿನ ಹಣ) ಊಟಕ್ಕೆ 1177 ಬಾತ್. ಟಿಪ್ಸ್ ಮತ್ತೆ ಕೊಡಲೇಬೇಕು ಅಂತಿಲ್ಲ, ಚೆನ್ನಾಗಿ ನೋಡಿಕೊಂಡವರಿಗೆ ನಾನು ಚಿಲ್ಲರೆ ಬಿಟ್ಟು ಬರುತ್ತೇನೆ.