ಕಡಿಮೆ ದುಡ್ಡಿನಲ್ಲಿ ಬೈನಾಕ್ಯುಲರ್ ಕೊಳ್ಳುವವರಿಗೆ

ಹಕ್ಕಿ ನೋಡುವ ಹುಚ್ಚು ಹೊಸದಾಗಿ ಹತ್ತಿದವರು ನನ್ನ ಕೊರಳಲ್ಲಿರುವ ಬೈನಾಕ್ಯುಲರ್ ಕಂಡ ಕೂಡಲೇ ಕೇಳುವುದು ಒಂದೇ: "ಇದರಲ್ಲಿ ಎಷ್ಟು ದೂರ ಕಾಣುತ್ತೆ?" ದೂರದ ಮಾತೇ ಆದರೆ ಬರಿಗಣ್ಣಿಗೇ ಚಂದ್ರ ಕಾಣುತ್ತಾನೆ, ಅವನಿರುವುದು 3,84,000 ಕಿಲೋಮೀಟರ್ ಆಚೆ. ಕೇಳಬೇಕಾದ್ದು ಬೇರೆ. ಮೂವತ್ತು ಮೀಟರ್ ದೂರದ ಮರದ ಎಲೆಗಳ ಸಂದಿಯಲ್ಲಿ ಒಂದು ಉಲಿಯಕ್ಕಿ ಕುಪ್ಪಳಿಸುತ್ತಿದೆ. ಅದು ಹಾರಿಹೋಗುವ ಮೊದಲು ನನ್ನ ಕಣ್ಣಿಗೆ ಸಿಗುತ್ತದೆಯೇ? ಸಿಕ್ಕರೆ ಅದರ ಹುಬ್ಬಿನ ತೆಳು ಗೆರೆ ಬಿಡಿಸಿ ಕಾಣುತ್ತದೆಯೇ? ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಅಷ್ಟನ್ನೂ ಈ ಎರಡಕ್ಕೇ ಸುರಿಯಬೇಕು. ಕೊಂಡವರಲ್ಲಿ ಹೆಚ್ಚಿನವರು ಸುರಿಯುವುದು ಅಂಕಿಗಳಿಗೆ.

ಬೈನಾಕ್ಯುಲರ್ ಮೈಮೇಲೆ 8×42 ಎಂದೋ 10×50 ಎಂದೋ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂಭಾಗದ ಮಸೂರದ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಮೊದಲ ಬಾರಿ ಕೊಳ್ಳುತ್ತಿದ್ದರೆ 8 ಸಾಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 80 ಮೀಟರ್ ದೂರದ ಹಕ್ಕಿ 8ರಲ್ಲಿ 10 ಮೀಟರ್ ದೂರದಲ್ಲಿ ಕೂತ ಹಾಗೆ ಕಾಣುತ್ತದೆ, 10ರಲ್ಲಿ 8 ಮೀಟರ್ ದೂರದಲ್ಲಿ. ಲಾಭ ಇಷ್ಟೇ. ಇದಕ್ಕಾಗಿ ಬಿಟ್ಟುಕೊಡುವುದು ಬಹಳ. ಕೈನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ. ಒಮ್ಮೆ ಫೋಕಸ್ ಮಾಡಿದ ಮೇಲೆ ಹಕ್ಕಿ ಹಿಂದೆಮುಂದೆ ಸರಿದರೆ ಮತ್ತೆ ಚಕ್ರ ತಿರುಗಿಸುವ ಕೆಲಸ ಹೆಚ್ಚು. ಎಲ್ಲಕ್ಕಿಂತ ದೊಡ್ಡದು, ಕಾಣುವ ಜಾಗವೇ ಕಿರಿದಾಗುತ್ತದೆ. ಒಂದು ಸಾವಿರ ಮೀಟರ್ ದೂರದಲ್ಲಿ 8ರದ್ದು ಸಾಮಾನ್ಯವಾಗಿ 130ರಿಂದ 140 ಮೀಟರ್ ಅಗಲ ತೋರಿಸಿದರೆ 10ರದ್ದು 105, 115ರ ಆಸುಪಾಸಿಗೆ ನಿಂತುಬಿಡುತ್ತದೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಸಣ್ಣ ಹಕ್ಕಿಯನ್ನು ಹುಡುಕುವವರಿಗೆ ಈ ವ್ಯತ್ಯಾಸ ಎಷ್ಟೆಂದು ಮೊದಲ ದಿನವೇ ತಿಳಿಯುತ್ತದೆ. ಕೆರೆ, ಕಡಲತೀರ, ಬಯಲಲ್ಲಿ ಹದ್ದು ಗಿಡುಗಗಳನ್ನೇ ಹೆಚ್ಚಾಗಿ ನೋಡುವವರು, ಕೈ ಗಟ್ಟಿಯಿರುವವರು ಬೇಕಾದರೆ 10 ತೆಗೆದುಕೊಳ್ಳಲಿ.

ಇನ್ನು ಬೆಳಕು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿನ ಕಡೆಯ ಮಸೂರದಿಂದ ಹೊರಬೀಳುವ ಬೆಳಕಿನ ಬಿಲ್ಲೆ ಇಷ್ಟು ಮಿಲಿಮೀಟರ್ ಅಗಲ. ಒಳ್ಳೆಯ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ, ಹಾಗಾಗಿ ನಡುಮಧ್ಯಾಹ್ನ ಯಾವುದರಲ್ಲಿ ನೋಡಿದರೂ ಒಂದೇ. ಆದರೆ ಹಕ್ಕಿಗಳು ಚುರುಕಾಗಿರುವುದು ನಸುಕಿನಲ್ಲಿ. ಆಗ, ಅದರಲ್ಲೂ ಮರದ ನೆರಳಿನಲ್ಲಿ, ಪಾಪೆ ನಾಲ್ಕೈದು ಮಿಲಿಮೀಟರ್ ಹಿಗ್ಗಿರುತ್ತದೆ. ಜೇಬಿಗೆ ಹಿಡಿಸುವ 10×25ರದ್ದು ಬರೀ 2.5 ಮಿ.ಮೀ. ಬಿಲ್ಲೆ. ಕಂದು ಹಕ್ಕಿಯೂ ಕಪ್ಪು, ಹಸಿರು ಹಕ್ಕಿಯೂ ಕಪ್ಪು. 8×42 ಎಲ್ಲ ಹೊತ್ತಿಗೂ ಒದಗುತ್ತದೆ, ತೂಕ ಮಾತ್ರ 600ರಿಂದ 750 ಗ್ರಾಂ. ಬೆಟ್ಟ ಹತ್ತುವವರು, ಕುತ್ತಿಗೆ ನೋವಿನವರು 8×32 ಅಥವಾ 8×30 ನೋಡಿ. ಸುಮಾರು 4 ಮಿ.ಮೀ. ಬಿಲ್ಲೆ ಸಾಲುತ್ತದೆ, ತೂಕವೂ ಇಳಿಯುತ್ತದೆ.

ಈಗ ದುಡ್ಡು ಉಳಿಯುವ ಜಾಗಕ್ಕೆ ಬರೋಣ. ಬೈನಾಕ್ಯುಲರ್ ಒಳಗೆ ಚಿತ್ರವನ್ನು ನೆಟ್ಟಗೆ ಮಾಡಲು ಪ್ರಿಸಮ್‌ಗಳಿರುತ್ತವೆ. ಅವು ಎರಡು ಬಗೆ. ಒಂದು, ಇಟಲಿಯ ಇಗ್ನಾಜಿಯೊ ಪೋರೊ 1854ರಲ್ಲಿ ಪೇಟೆಂಟ್ ಪಡೆದ ಪೋರೊ ಪ್ರಿಸಮ್. ಮುಂದಿನ ಮಸೂರಗಳು ಕಣ್ಣಿನ ಕಡೆಯವಕ್ಕಿಂತ ದೂರದೂರ ಇರುವ, ಹಳೆಯ ಯುದ್ಧದ ಫೋಟೊಗಳಲ್ಲಿ ಸೇನಾಧಿಕಾರಿಗಳು ಹಿಡಿದಿರುವಂಥದ್ದು. ಇನ್ನೊಂದು, ಎರಡು ನೇರ ಕೊಳವೆ ಜೋಡಿಸಿದಂತಿರುವ ರೂಫ್ ಪ್ರಿಸಮ್. ನೋಡಲು ಚೆಂದ, ಹಿಡಿಯಲು ಹಿತ, ಈಗ ಅಂಗಡಿ ತುಂಬ ಇದೇ.

ಆದರೆ ರೂಫ್ ಪ್ರಿಸಮ್ ಚೆನ್ನಾಗಿ ಮಾಡುವುದು ಖರ್ಚಿನ ಕೆಲಸ. ಅದರೊಳಗೆ ಬೆಳಕು ಇಬ್ಭಾಗವಾಗಿ ಮತ್ತೆ ಕೂಡುತ್ತದೆ. ಕೂಡುವಾಗ ಎರಡೂ ಭಾಗದ ಅಲೆಗಳು ಹೊಂದದೆ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಇದನ್ನು ಸರಿಪಡಿಸುವ ಫೇಸ್ ಕೋಟಿಂಗ್ ಎಂಬ ಲೇಪನವನ್ನು ಝೈಸ್ ಕಂಪನಿ 1988ರಲ್ಲಿ ತಂದಿತು. ಸಾಮಾನ್ಯವಾಗಿ ಬಳಸುವ ರೂಫ್ ವಿನ್ಯಾಸದಲ್ಲಿ ಒಂದು ಮೈ ತಾನಾಗಿ ಬೆಳಕನ್ನು ಪೂರ್ತಿ ಪ್ರತಿಫಲಿಸುವುದಿಲ್ಲ, ಅದಕ್ಕೆ ಕನ್ನಡಿಯ ಲೇಪ ಬೇಕು. ಅಗ್ಗದವರು ಅಲ್ಯೂಮಿನಿಯಂ ಹಚ್ಚುತ್ತಾರೆ, ಅಲ್ಲೊಂದಿಷ್ಟು ಬೆಳಕು ಸೋರಿಹೋಗುತ್ತದೆ. ಬೆಳ್ಳಿಯದು ಮೇಲು, ಲೋಹವಿಲ್ಲದೆ ತೆಳು ಪದರಗಳನ್ನು ಜೋಡಿಸಿ ಮಾಡುವ ಡೈಎಲೆಕ್ಟ್ರಿಕ್ ಇನ್ನೂ ಮೇಲು. ಪೋರೊಗೆ ಈ ಎರಡು ತಾಪತ್ರಯವೂ ಇಲ್ಲ. ಹಾಗಾಗಿ ತೀರಾ ಕಡಿಮೆ ಬೆಲೆಯಲ್ಲಿ ಒಂದು ಪೋರೊ, ಒಂದು ರೂಫ್ ಅಕ್ಕಪಕ್ಕ ಇಟ್ಟರೆ ನಾನು ಕಣ್ಣು ಮುಚ್ಚಿಕೊಂಡು ಪೋರೊ ಎತ್ತಿಕೊಳ್ಳುತ್ತೇನೆ. ರೂಫೇ ಬೇಕೆಂದರೆ ಡಬ್ಬಿಯ ಮೇಲೆ ಫೇಸ್ ಕೋಟಿಂಗ್ ಇದೆಯೆಂದು ಬರೆದಿರಬೇಕು. ಬರೆದಿಲ್ಲವೆಂದರೆ ಇಲ್ಲ ಎಂದುಕೊಳ್ಳಿ. ಇದ್ದರೆ ಯಾರೂ ಹೇಳದೆ ಬಿಡುವುದಿಲ್ಲ.

ಪೋರೊದಲ್ಲಿ ಕೊರತೆಯಿಲ್ಲ ಎಂದಲ್ಲ. ದಪ್ಪ, ಜಾಗ ಹೆಚ್ಚು ಬೇಕು, ಬಿದ್ದರೆ ಪ್ರಿಸಮ್ ಸರಿಯುವ ಭಯ. ಫೋಕಸ್ ಮಾಡುವಾಗ ಕಣ್ಣಿನ ಕಡೆಯ ಮಸೂರಗಳನ್ನು ಹೊತ್ತ ಪಟ್ಟಿ ಹೊರಗೇ ಸರಿದಾಡುವುದರಿಂದ ಬಹಳಷ್ಟು ಮಾದರಿಗಳು ಮಳೆ ತಡೆಯುವುದಿಲ್ಲ. ನಾಲ್ಕೈದು ಮೀಟರ್‌ಗಿಂತ ಹತ್ತಿರದ್ದು ಸಾಮಾನ್ಯವಾಗಿ ಫೋಕಸ್ ಆಗದು, ಚಿಟ್ಟೆ ನೋಡುವವರಿಗೆ ಇದು ತೊಂದರೆ. ನೀರು ತಡೆಯುವ ಪೋರೊಗಳೂ ಇವೆ. ಕೋವಾ ವೈಎಫ್ 8×30 ಅಂಥದ್ದು, ಅರ್ಧ ಕಿಲೋಗಿಂತ ಹಗುರ. ನಿಕಾನ್ ಆ್ಯಕ್ಷನ್ ಇಎಕ್ಸ್ 8×40 ಕೂಡ ಅಂಥದ್ದೇ, ವಿಶಾಲ ನೋಟ, ಆದರೆ ಭಾರ. ರೂಫ್‌ನಲ್ಲಿ ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42ಕ್ಕೆ ಫೇಸ್ ಕೋಟಿಂಗ್ ಇದೆ, ಸುಮಾರು ಎರಡು ಮೀಟರ್ ಹತ್ತಿರದ್ದೂ ಕಾಣುತ್ತದೆ. ಚಿಟ್ಟೆ, ಏರೋಪ್ಲೇನ್ ಚಿಟ್ಟೆಯೇ ಮುಖ್ಯ ಎನ್ನುವವರಿಗೆ ಪೆಂಟಾಕ್ಸ್ ಪ್ಯಾಪಿಲಿಯೊಗೆ ಸಾಟಿಯಿಲ್ಲ, ಅರ್ಧ ಮೀಟರ್ ಹತ್ತಿರಕ್ಕೆ ಬರುತ್ತದೆ.

ಕನ್ನಡಕದವರು ಇನ್ನೊಂದು ಅಂಕಿ ನೋಡಲೇಬೇಕು: ಐ ರಿಲೀಫ್. ಕಣ್ಣನ್ನು ಮಸೂರದಿಂದ ಎಷ್ಟು ದೂರದವರೆಗೆ ಹಿಂದಿಟ್ಟರೆ ಪೂರ್ತಿ ಚಿತ್ರ ಕಾಣುತ್ತದೆ ಎಂಬ ಅಳತೆ ಅದು. ನಾನೂ ಕನ್ನಡಕದವನೇ, 16 ಮಿ.ಮೀ.ಗಿಂತ ಕಡಿಮೆ ಇರುವುದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಕಡಿಮೆಯಿದ್ದರೆ ಸುತ್ತಲಿನ ಭಾಗ ಕತ್ತರಿಸಿಹೋಗಿ, ಕೀಲಿಕಿಂಡಿಯಲ್ಲಿ ಇಣುಕಿದ ಹಾಗಾಗುತ್ತದೆ. ಕಣ್ಣಿನ ಸುತ್ತಲ ರಬ್ಬರ್ ಬಟ್ಟಲನ್ನು ಕನ್ನಡಕದವರು ಪೂರ್ತಿ ಒಳಕ್ಕೆ ತಿರುಗಿಸಬೇಕು, ಉಳಿದವರು ಹೊರಕ್ಕೆ.

ದೂರದಿಂದಲೇ ಕೈಮುಗಿಯಬೇಕಾದವು: 8-24 ಎಂಬಂಥ ಜೂಮ್ ಬೈನಾಕ್ಯುಲರ್, ಫೋಕಸ್ ಚಕ್ರವೇ ಇಲ್ಲದ್ದು, ಮಸೂರ ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುವುದು, ಸಾಧಾರಣ ಗಾಜಿಗೆ ನೈಟ್ ವಿಷನ್ ಎಂದು ಹೆಸರಿಟ್ಟಿರುವುದು, ಅಂಗೈಯಗಲದ ಡಬ್ಬಿಯ ಮೇಲೆ 60×60 ಎಂದು ಬರೆದಿರುವುದು. 60×60 ನಿಜವೇ ಆಗಿದ್ದರೆ ಬಿಲ್ಲೆ ಒಂದು ಮಿಲಿಮೀಟರ್, ಸ್ಟ್ಯಾಂಡ್ ಇಲ್ಲದೆ ಏನೂ ಕಾಣದು. ನಿಜವಲ್ಲ ಎಂಬುದೇ ಒಂದು ಸಮಾಧಾನ.

ಕೈಗೆ ಸಿಕ್ಕಾಗ ಪರೀಕ್ಷಿಸುವುದು ಹೀಗೆ. ಅಂಗಡಿಯೊಳಗಿನ ದೀಪದ ಬೆಳಕಿನಲ್ಲಿ ಗೋಡೆ ನೋಡಿ ಉಪಯೋಗವಿಲ್ಲ, ಬಾಗಿಲಿಗೆ ಬನ್ನಿ. ಬೈನಾಕ್ಯುಲರನ್ನು ತೋಳುದ್ದ ದೂರ ಹಿಡಿದು ಬೆಳ್ಳಗಿನ ಆಕಾಶಕ್ಕೆ ತೋರಿಸಿ, ಸೂರ್ಯನ ಕಡೆಗಂತೂ ಬೇಡವೇ ಬೇಡ. ಕಣ್ಣಿನ ಕಡೆಯ ಮಸೂರಗಳಲ್ಲಿ ಎರಡು ಬೆಳಕಿನ ಬಿಲ್ಲೆ ತೇಲುತ್ತವೆ. ಅವು ದುಂಡಗೆ, ಅಂಚಿನವರೆಗೂ ಒಂದೇ ಬೆಳಕಾಗಿದ್ದರೆ ಒಳ್ಳೆಯ ಲಕ್ಷಣ. ಅಂಚು ಬೂದುಬಣ್ಣಕ್ಕೆ ತಿರುಗಿ ಬಿಲ್ಲೆ ಚೌಕದಂತೆ ಕಂಡರೆ ಪ್ರಿಸಮ್ ಗಾಜು ಅಗ್ಗದ ಬಿಕೆ-7 ಇರಬಹುದು, ಕೇಳಬೇಕಾದ್ದು ಬಿಎಕೆ-4.

ಆಮೇಲೆ ಉಲ್ಟಾ ತಿರುಗಿಸಿ ಮುಂದಿನ ಮಸೂರದಲ್ಲಿ ಒಂದು ದೀಪದ ಪ್ರತಿಬಿಂಬ ನೋಡಿ. ಒಂದೇ ದೀಪ ಒಳಗೊಳಗೆ ಹಲವಾಗಿ ಕಾಣುತ್ತದೆ, ಗಾಜಿನ ಒಂದೊಂದು ಮೈಗೂ ಒಂದೊಂದು. ಎಲ್ಲವೂ ಮಂಕು ಹಸಿರು, ನೇರಳೆ ಇದ್ದರೆ ಬೆಳಕು ವಾಪಸ್ ಹೋಗದಂತೆ ತಡೆಯುವ ಲೇಪನ ಎಲ್ಲ ಕಡೆ ಇದೆ. ನಡುವೆ ಬಿಳಿಯ ಹೊಳಪು ಕಂಡರೆ ಆ ಮೈಗೆ ಲೇಪನವಿಲ್ಲ. ಲೇಪನವಿಲ್ಲದ ಒಂದೊಂದು ಮೈಯಲ್ಲೂ ಶೇಕಡಾ ನಾಲ್ಕರಷ್ಟು ಬೆಳಕು ವಾಪಸ್ ಹೋಗುತ್ತದೆ. ಡಬ್ಬಿಯ ಮೇಲೆ ಬರೀ ಕೋಟೆಡ್ ಎಂದಿದ್ದರೆ ಸಾಲದು, ಫುಲ್ಲಿ ಮಲ್ಟಿ ಕೋಟೆಡ್, ಅಂದರೆ ಎಲ್ಲ ಮೈಗೂ ಹಲವು ಪದರದ ಲೇಪನ, ಎಂದೇ ಇರಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಮಾಡದ್ದೂ ಇದೇ. ದೂರದ ಕಟ್ಟಡದ ಅಂಚು, ತಂತಿ, ಯಾವುದಾದರೂ ಅಡ್ಡಗೆರೆಗೆ ಫೋಕಸ್ ಮಾಡಿ. ಬೈನಾಕ್ಯುಲರ್ ಕದಲಿಸದೆ ಕಣ್ಣು ಮುಚ್ಚಿ, ಐದಾರು ಎಣಿಸಿ ತೆರೆಯಿರಿ. ತೆರೆದ ಕ್ಷಣ ಗೆರೆ ಎರಡಾಗಿ ಕಂಡು ಆಮೇಲೆ ಒಂದಾದರೆ ಎರಡು ಕೊಳವೆಗಳೂ ಒಂದೇ ದಿಕ್ಕಿಗೆ ನೋಡುತ್ತಿಲ್ಲ. ಮಿದುಳು ಅದನ್ನು ಎಳೆದು ಹೊಂದಿಸುತ್ತದೆ, ಅರ್ಧ ಗಂಟೆಗೆಲ್ಲ ತಲೆನೋವು. ಅಂಥದ್ದು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಪೆಟ್ಟಿಗೆ ಬಿಚ್ಚಿದ ದಿನವೇ ಈ ಪರೀಕ್ಷೆ ಮಾಡಿ, ವಾಪಸ್ ಕಳಿಸುವ ಅವಧಿ ದಾಟಬಾರದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಜೊತೆಗೆ ಮುಂದಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡದ ನೂಲಿನಂಥ ಎಳೆಗಳಿದ್ದರೆ ಶಿಲೀಂಧ್ರ, ಮಂಜು ಕವಿದಂತಿದ್ದರೆ ತೇವ. ಎರಡೂ ಸುಲಭಕ್ಕೆ ಹೋಗುವುದಿಲ್ಲ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ.

ಕೊಂಡ ಮೇಲೆ ಡಯಾಪ್ಟರ್, ಅಂದರೆ ಒಂದು ಕಣ್ಣಿನ ಫೋಕಸ್ ಮಾತ್ರ ಬೇರೆಯಾಗಿ ಸರಿಮಾಡುವ ಉಂಗುರ, ಹೊಂದಿಸದೆ ಹೊರಡಬೇಡಿ, ಯಾಕೆಂದರೆ ನಮ್ಮ ಎರಡು ಕಣ್ಣುಗಳ ದೃಷ್ಟಿ ಒಂದೇ ಇರುವುದು ಅಪರೂಪ. ಮೊದಲು ಕೊಳವೆಗಳನ್ನು ಮಡಚಿ ಬಿಡಿಸಿ ಎರಡು ವೃತ್ತ ಒಂದಾಗುವಂತೆ ಮಾಡಿಕೊಳ್ಳಿ. ಬಲಗಡೆಯ ಮುಂದಿನ ಮಸೂರವನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ನಡುವಿನ ಚಕ್ರದಿಂದ ದೂರದ ಒಂದು ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ. ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಕೆಲವು ಮಾದರಿಗಳಲ್ಲಿ ಈ ಉಂಗುರ ಬೇರೆ ಕಡೆ ಇರುತ್ತದೆ, ಕೈಪಿಡಿ ನೋಡಿ. ಉಂಗುರ ನಿಂತ ಜಾಗಕ್ಕೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡರೆ, ಯಾರಾದರೂ ಇಸಿದುಕೊಂಡು ತಿರುಗಿಸಿ ಕೊಟ್ಟರೂ ಒಂದು ಕ್ಷಣದಲ್ಲಿ ಮತ್ತೆ ನಿಮ್ಮ ಕಣ್ಣಿಗೆ ತಂದುಕೊಳ್ಳಬಹುದು.