ಎರಡು ಸೀರೆಯಷ್ಟು ದೂರ

ಹೋದ ತಿಂಗಳು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಹೊರಗೆ ಚಹಾ ಕುಡಿಯುತ್ತಿದ್ದೆ. ನಮ್ಮ ಕಲಬುರಗಿಯ ಹುಡುಗನೊಬ್ಬ ಹಾಕಿ ಸ್ಟಿಕ್ ಹೆಗಲಿಗೆ ಹಾಕಿಕೊಂಡು ಬಂದು ಕೇಳಿದ. "ಅಣ್ಣಾ, ಬೆಂಗಳೂರಿಗಿ ಕ್ಯಾಂಪಿಗಿ ಕರ್ದಾರ. ಎಷ್ಟ್ ಗೋಲ್ ಹೊಡದ್ರ ಟೀಮಿಗಿ ತಗೋತಾರ?" ನನಗೆ ನಗು ಬಂತು. ನಾನು ಹೊರಟಾಗ ನನ್ನ ತಲೆಯಲ್ಲೂ ಇದೊಂದೇ ಪ್ರಶ್ನೆ ಇತ್ತು. ಅವನಿಗೆ ಏನೇನೋ ಹೇಳಿದೆ, ಚಹಾ ಮುಗಿಯಿತು, ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋದದ್ದು 2018ರ ಏಪ್ರಿಲ್‌ನಲ್ಲಿ. ಬೆಂಗಳೂರಿನ ಒಂದು ಸಂಸ್ಥೆಯ ಹಾಕಿ ತಂಡ, ಹೆಸರು ಬೇಡ. ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್, ಇರೋಕೆ ಹಾಸ್ಟೆಲ್, ನಾಲ್ಕು ವರ್ಷ ಚೆನ್ನಾಗಿ ಆಡಿದರೆ ಮುಂದೆ ನೌಕರಿ ಸಿಗಬಹುದು. ನಮ್ಮಲ್ಲಿ ಹಾಕಿ ಆಡಿಕೊಂಡೇ ಬದುಕುವವರ ದಾರಿ ಹೆಚ್ಚಾಗಿ ಇದೇ. ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು, ತೈಲ ಕಂಪನಿ. ದೊಡ್ಡ ದುಡ್ಡಿನ ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತುಹೋಗಿತ್ತು. ಅದು ಮತ್ತೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ಸಿಕ್ಕಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ಹರಾಜಿನಲ್ಲಿ ಎರಡು ಲಕ್ಷದ ಮೂಲ ಬೆಲೆಯವರೂ ಇದ್ದರು. ಅವರನ್ನು ತಂಡದವರು ಯಾಕೆ ತೆಗೆದುಕೊಂಡರು ಅಂತ ಯೋಚಿಸಿದರೆ ಆ ಹುಡುಗನಿಗೆ ಜಾಸ್ತಿ ಉಪಯೋಗ.

ಕ್ಯಾಂಪಿಗೆ ಬಂದವರು 34 ಜನ. ಉಳಿಯುವವರು 18. ಅದರಲ್ಲಿ ಇಬ್ಬರು ಗೋಲ್‌ಕೀಪರ್. ಇನ್ನುಳಿದ 16ರಲ್ಲಿ ಫಾರ್ವರ್ಡ್‌ಗಳಿಗೆ ಐದೇ ಜಾಗ. ಫಾರ್ವರ್ಡ್ ಅಂತ ಬಂದವರು, ನನ್ನನ್ನೂ ಸೇರಿಸಿ, 11 ಜನ.

ಮೊದಲ ದಿನ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದ ಮೇಲೆ ಕಾಲಿಟ್ಟಾಗ ನಮ್ಮೂರಲ್ಲಿ ಕಲಿತ ಅರ್ಧ ಆಟ ಸುಳ್ಳಾಯಿತು. ನಾನು ಬೆಳೆದದ್ದು ಮಣ್ಣಿನ ಮೈದಾನದಲ್ಲಿ. ಅಲ್ಲಿ ಚೆಂಡು ಪುಟಿಯುತ್ತಾ ಬರುತ್ತದೆ, ಕಲ್ಲಿಗೆ ತಗುಲಿ ದಾರಿ ಬದಲಿಸುತ್ತದೆ. ಹಾಗಾಗಿ ನಾವು ಸ್ವಲ್ಪ ಕಾದು, ನೋಡಿ, ಆಮೇಲೆ ಸ್ಟಿಕ್ ಇಡುತ್ತೇವೆ. ನೀರು ಹೊಡೆದ ಟರ್ಫ್ ಮೇಲೆ ಕಾಯುವ ಮಾತೇ ಇಲ್ಲ. ನಾನು ಸ್ಟಿಕ್ ಇಡುವ ಹೊತ್ತಿಗೆ ಚೆಂಡು ಹಿಂದೆ ಹೋಗಿ ಆಗಿರುತ್ತಿತ್ತು. ಪಕ್ಕದಲ್ಲಿ ಕೊಡಗಿನ ಹುಡುಗರು ಮಾತಾಡಿಕೊಂಡೇ ಚೆಂಡು ನಿಲ್ಲಿಸುತ್ತಿದ್ದರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕುಟುಂಬಗಳ ಹಾಕಿ ಹಬ್ಬ ಅಲ್ಲಿ ಪ್ರತಿ ಬೇಸಿಗೆಗೆ ಎಂಥ ಜಾತ್ರೆ ಅಂತ ನಿಮಗೂ ಗೊತ್ತು. ನಮ್ಮ ಮನೆಯಲ್ಲಿ ಹಾಕಿ ಆಡಿದವನು ನಾನೊಬ್ಬನೇ. ಸರ್ಕಾರಿ ನೌಕರಿಗೆ ನಮ್ಮ ಭಾಗದವರಿಗೆ 371ಜೆ ಮೀಸಲಾತಿ ಇದೆ. ಟರ್ಫ್ ಮೇಲೆ ಅದು ನಡೆಯಲ್ಲ.

ಯೋ-ಯೋ ಟೆಸ್ಟ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 20 ಮೀಟರ್ ಹೋಗು, 20 ಮೀಟರ್ ಬಾ, 10 ಸೆಕೆಂಡ್ ಸುಧಾರಿಸಿಕೋ, ಬೀಪ್ ಬೇಗಬೇಗ ಬರುತ್ತಾ ಹೋಗುತ್ತದೆ. ನಾನು 34ರಲ್ಲಿ ಹದಿಮೂರನೆಯವನು. ಆ ಟೆಸ್ಟ್‌ನಿಂದಾಗಿ ತೀರಾ ಕೆಳಗಿದ್ದ ಮೂರ್ನಾಲ್ಕು ಜನ ಮನೆಗೆ ಹೋದರು, ಅಷ್ಟೇ. ಮೇಲಿದ್ದ ಮಾತ್ರಕ್ಕೆ ಯಾರನ್ನೂ ತಂಡಕ್ಕೆ ತೆಗೆದುಕೊಂಡದ್ದು ನಾನು ನೋಡಿಲ್ಲ.

ಎಂಟನೇ ದಿನ ಕೋಚ್ ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ನನಗೆ ಹೇಳಿದ್ದು ಎರಡೇ ಮಾತು. "ಫಾರ್ವರ್ಡ್‌ಗಳಲ್ಲಿ ನೀನು ಒಂಬತ್ತನೆಯವನು. ನಾನು ಐವರನ್ನು ತಗೋತೀನಿ." ಆ ಹೊತ್ತಿಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತೆ, ಅಷ್ಟು ನೇರವಾಗಿ ಹೇಳಿದ್ದು ಉಪಕಾರ.

ಮರುದಿನ ಅಭ್ಯಾಸ ಪಂದ್ಯ. ನಾನು ಬೆಂಚಿನ ಮೇಲೆ ಇದ್ದೆ. ಹಾಕಿಯಲ್ಲಿ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಕಳಿಸಬಹುದು. ಐದಾರು ನಿಮಿಷಕ್ಕೊಬ್ಬ ಹೊರಗೆ ಬರುತ್ತಾನೆ, ಇನ್ನೊಬ್ಬ ಒಳಗೆ ಹೋಗುತ್ತಾನೆ. ನನ್ನ ಪಕ್ಕ ನಮ್ಮ ತಂಡದ ಫಸ್ಟ್ ರಷರ್ ಕೂತು ನೀರು ಕುಡಿಯುತ್ತಿದ್ದ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನ ಪಕ್ಕದ ಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ, ಗೋಲಿನ ಮುಂದಿನ ವೃತ್ತದ ತುದಿಯಲ್ಲಿ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಮತ್ತೊಬ್ಬ ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುತ್ತಾನೆ. ಆ ಎಸೆತವೇ ಡ್ರ್ಯಾಗ್ ಫ್ಲಿಕ್. ಫಸ್ಟ್ ರಷರ್ ಅಂದರೆ, ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನೊಳಗಿಂದ ಹೊರಟು ಡ್ರ್ಯಾಗ್ ಫ್ಲಿಕ್ ಮಾಡುವವನ ಮೇಲೇ ನೇರವಾಗಿ ಓಡುವವನು. ಆ ಚೆಂಡು ಗಂಟೆಗೆ 100 ಕಿಲೋಮೀಟರ್ ದಾಟಿ ಬರುತ್ತದೆ. ಇವನು ಅದಕ್ಕೆ ಎದುರು ಓಡಬೇಕು.

ಆಗಲೇ ನಮ್ಮ ವಿರುದ್ಧ ಪೆನಾಲ್ಟಿ ಕಾರ್ನರ್. ಇವನು ಬಾಟಲಿ ಬಿಸಾಕಿ ಎದ್ದ. ಅಂಪೈರ್ ಕೈ ಅಡ್ಡ ಮಾಡಿದರು. ಪೆನಾಲ್ಟಿ ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಬದಲಿ ಆಟಗಾರ ಒಳಗೆ ಹೋಗುವ ಹಾಗಿಲ್ಲ. ಕೀಪರ್‌ಗೆ ಪೆಟ್ಟಾದರೆ ಮಾತು ಬೇರೆ. ಒಳಗಿದ್ದವರು ಮುಖ ಮುಖ ನೋಡಿಕೊಂಡರು. ಕೊನೆಗೆ ನಡುಸಾಲಿನಲ್ಲಿ ಆಡುವ ಹಾಫ್ ಒಬ್ಬ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಿಂತ. ನಾಲ್ಕು ಹೆಜ್ಜೆ ಓಡಿ ಪಕ್ಕಕ್ಕೆ ತಿರುಗಿಬಿಟ್ಟ. ಗೋಲು. ಕೋಚ್ ನೀರಿನ ಬಾಟಲಿಗೆ ಒದ್ದರು. ಅದು ಉರುಳಿಕೊಂಡು ಬಂದು ನನ್ನ ಕಾಲಿನ ಹತ್ತಿರ ನಿಂತಿತು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ಲೆಕ್ಕ ಹಾಕಿದೆ. ರಷರ್ ಮೈದಾನದಲ್ಲೇ ಇರಬೇಕು, ಆದರೆ ಅವನಿಗೂ ವಿಶ್ರಾಂತಿ ಬೇಕು. ಅಂದರೆ ಅವನು ಹೊರಗಿರುವಾಗ ಒಳಗೆ ಇನ್ನೊಬ್ಬ ರಷರ್ ಇರಲೇಬೇಕು. ನಮ್ಮ ಕ್ಯಾಂಪಿನಲ್ಲಿ ಆ ಇನ್ನೊಬ್ಬ ಇರಲಿಲ್ಲ. ಗೋಲು ಹೊಡೆಯಲು 11 ಜನ ಸಾಲುಗಟ್ಟಿ ನಿಂತಿದ್ದೆವು. ಈ ಕೆಲಸಕ್ಕೆ ಒಬ್ಬನೂ ಕೈ ಎತ್ತಿರಲಿಲ್ಲ. ಯಾಕೆ ಎತ್ತುತ್ತಾರೆ? ಹಲ್ಲು ಹೋಗುತ್ತದೆ.

ಹತ್ತು ದಿನದ ಮೊದಲ ಹಂತ ಮುಗಿಸಿ ಮನೆಗೆ ಕಳಿಸಿದರು. ಮೇ ಕೊನೆಯಲ್ಲಿ ಮತ್ತೆ ಎಂಟು ದಿನ, ಆಮೇಲೆ ಪಟ್ಟಿ. ರೈಲಿನಲ್ಲಿ ಗುಂತಕಲ್, ರಾಯಚೂರು, ಯಾದಗಿರಿ ದಾಟಿ ವಾಡಿ ಬರುವಷ್ಟರಲ್ಲಿ ನಿರ್ಧಾರ ಮಾಡಿ ಆಗಿತ್ತು.

ಮೇ ತಿಂಗಳಲ್ಲಿ ಕಲಬುರಗಿ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. 42 ಡಿಗ್ರಿ ದಾಟಿದರೆ ನಾವು ಬೇಸಿಗೆ ಬಂತು ಅಂತೀವಿ. ಬೆಳಿಗ್ಗೆ ಐದೂವರೆಯಿಂದ ಏಳು, ಸಂಜೆ ಆರರ ಮೇಲೆ. ನಡುವೆ ಹೊರಗೆ ಬರುವುದು ನಾಯಿಗೂ ಬೇಡ.

ಎರಡು ಕೆಲಸ ಇದ್ದವು. ಒಂದು, ಟರ್ಫ್ ವೇಗಕ್ಕೆ ಕೈ ಒಗ್ಗಿಸುವುದು. ಟರ್ಫ್ ಎಲ್ಲಿಂದ ತರೋದು? ನಮ್ಮ ಅಂಗಳಕ್ಕೆ ಶಹಾಬಾದ್ ಫರಸಿ ಹಾಕಿಸಿದ್ದಾರೆ. ಸಂಜೆ ಕಾವು ಇಳಿಯಲಿ ಅಂತ ಅವ್ವ ದಿನಾ ನೀರು ಹೊಡೆಯುತ್ತಾಳೆ. ಒಂದು ದಿನ ಸುಮ್ನೆ ಅದರ ಮೇಲೆ ಚೆಂಡು ತಳ್ಳಿ ನೋಡಿದೆ. ಪುಟಿಯಲಿಲ್ಲ. ಸರ್ರನೆ ಜಾರಿ ಗೋಡೆಗೆ ಬಡಿದು ವಾಪಸ್ ಬಂತು. ಅಲ್ಲಿಂದ ಮುಂದೆ ಮೂರು ವಾರ, ದಿನಕ್ಕೆ 300 ಸಲ, ಗೋಡೆಗೆ ಹೊಡೆದು ಒದ್ದೆ ಫರಸಿಯ ಮೇಲೆ ಚೆಂಡು ನಿಲ್ಲಿಸುವುದು. ಸ್ಟಿಕ್ ಮೊದಲೇ ನೆಲಕ್ಕೆ ಮುಟ್ಟಿರಬೇಕು, ಕಾಯೋದಿಲ್ಲ. ಸ್ಟಿಕ್ಕಿನ ಅಂಚು ಸವೆದುಹೋಯಿತು, ಎರಡು ಸಲ ಟೇಪ್ ಸುತ್ತಿದೆ. ಒಂದು ಮಾತು, ಫರಸಿಯ ಮೇಲೆ ಓಡೋಕೆ ಮಾತ್ರ ಹೋಗಬೇಡಿ. ನಾನು ಒಮ್ಮೆ ಓಡಿ ತುಳಸಿಕಟ್ಟೆಗೆ ಸೊಂಟ ಹೊಡೆದುಕೊಂಡೆ.

ಇನ್ನೊಂದು, ಓಟ. ಗೋಲ್ ಗೆರೆಯಿಂದ ವೃತ್ತದ ತುದಿಗೆ 14.63 ಮೀಟರ್. ಇದೆಂಥ ಲೆಕ್ಕ ಅಂತ ಅನ್ನಿಸಬಹುದು. ಹಳೆಯ ಲೆಕ್ಕದಲ್ಲಿ ಅದು ಸರಿಯಾಗಿ 16 ಗಜ. ಅಪ್ಪ ಸೂಪರ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿಯ ಟೇಪು ತಂದು ನಮ್ಮ ಓಣಿಯಲ್ಲಿ ಅಳೆದು ಸುಣ್ಣದ ಗೆರೆ ಹಾಕಿಕೊಟ್ಟರು. ಹಾಕಿ, ನಿಂತು ನೋಡಿ ಅಂದರು: "16 ಗಜ ಅಂದ್ರ ಎಂಟು ಗಜದ ಸೀರಿ ಎರಡು. ಇಷ್ಟ್ ಓಡ್ಲಾಕ ಇಷ್ಟ್ ಒದ್ದಾಡ್ಲತ್ತೀ?"

ನಮ್ಮ ಕಾಕಾನ ಮಗ ಪಕ್ಕದಿಂದ ಚೆಂಡು ತಳ್ಳುತ್ತಿದ್ದ. ಅವನ ಗೆಳೆಯ ತುದಿಯಲ್ಲಿ ನಿಂತು ಹೊಡೆಯುತ್ತಿದ್ದ. ಮೊದಲ ವಾರ ಟೇಪ್ ಸುತ್ತಿದ ಟೆನಿಸ್ ಚೆಂಡು, ಎರಡನೇ ವಾರದಿಂದ ನಿಜವಾದದ್ದು. ಮುಖಕ್ಕೆ ಕ್ರಿಕೆಟ್ ಹೆಲ್ಮೆಟ್, ಕಾಲಿಗೆ ಕ್ರಿಕೆಟ್ ಪ್ಯಾಡ್. ಅವ್ವ ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು. "ಮಾರಿ ಒಡಕೊಂಡ್ರ ನಿನಗ ಯಾರ್ ಹೆಣ್ಣ್ ಕೊಡ್ತಾರೋ?"

ಓಡಿ ಓಡಿ ಗೊತ್ತಾದದ್ದು, ಇದು ಧೈರ್ಯಕ್ಕಿಂತ ಮೊದಲ ಹೆಜ್ಜೆಯ ಕೆಲಸ. ಚೆಂಡು ತಳ್ಳುವವನಿಂದ ಹೊರಟು, ತುದಿಯಲ್ಲಿ ನಿಂತು, ಫ್ಲಿಕ್ ಆಗುವವರೆಗೆ ಎರಡು ಸೆಕೆಂಡ್ ಕೂಡ ಸಿಗಲ್ಲ. ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ನೋಡಿದರೆ, ನಾನು ಚೆಂಡು ಹೊರಟ ಮೇಲೆ ಹೊರಡುತ್ತಿದ್ದೆ. ತಳ್ಳುವವನ ಕೆಳಗಿನ ಕೈ ನೋಡಬೇಕು. ಆ ಕೈ ಬಿಗಿಯಾದ ಮರುಕ್ಷಣ ಚೆಂಡು ಹೊರಡುತ್ತದೆ. ಇಷ್ಟು ಕಲಿತದ್ದಕ್ಕೇ ಹತ್ತು ಮೀಟರ್‌ಗೆ ನನ್ನ ಸಮಯ 2.2 ಸೆಕೆಂಡಿನಿಂದ 1.9ಕ್ಕೆ ಇಳಿಯಿತು. ಇನ್ನೊಂದು, ದಾರಿ ಬದಲಿಸಬಾರದು. ಸ್ಟಿಕ್ ಚೆಂಡಿನ ದಾರಿಯಲ್ಲಿ, ಮೈ ಅದರ ಪಕ್ಕದಲ್ಲಿ. ಹಿಂದೆ ಕೀಪರ್ ಒಂದು ಬದಿ ನಮ್ಮ ಮೇಲೆ ಬಿಟ್ಟು ಇನ್ನೊಂದು ಬದಿ ತಾನು ಕಾಯುತ್ತಿರುತ್ತಾನೆ. ನಡುವೆ ನಾವು ಹೆದರಿ ಸರಿದರೆ ಅವನಿಗೆ ಎರಡೂ ಬದಿ ಹೋಯಿತು. ಅವತ್ತು ಆ ಹಾಫ್ ಮಾಡಿದ್ದು ಅದನ್ನೇ.

ಮೇ ಕೊನೆಗೆ ವಾಪಸ್ ಹೋದೆ. ಕೋಚ್ ಹತ್ತಿರ ಹೋಗಿ, "ಸರ್, ನಾನು ರಷ್ ಮಾಡ್ತೀನಿ" ಅಂದೆ. ಅವರು ನನ್ನನ್ನೇ ನೋಡಿದರು. "ಫಾರ್ವರ್ಡ್ ಅಲ್ವಾ ನೀನು?" ಹೌದು ಸರ್ ಅಂದೆ. ಸರಿ, ನಿಲ್ಲು ಅಂದರು.

ಮೊದಲ ಪಂದ್ಯದಲ್ಲೇ ಎಡವಟ್ಟು ಮಾಡಿದೆ. ಕೈ ನೋಡಿ ಹೊರಡುವ ಆತುರದಲ್ಲಿ ಚೆಂಡು ಹೊರಡುವ ಮೊದಲೇ ಗೆರೆ ದಾಟಿದೆ. ನಿಯಮ ಗೊತ್ತಲ್ಲ, ಮೊದಲೇ ಓಡಿದವನು ನಡುಗೆರೆಯ ಆಚೆಗೆ ಹೋಗಬೇಕು, ಅವನ ಜಾಗಕ್ಕೆ ಬೇರೆಯವರು ಬರುವ ಹಾಗಿಲ್ಲ. ಐವರು ಕಾಯುವ ಗೋಲನ್ನು ನಾಲ್ವರು ಕಾದರು. ನಾನು ನಡುಗೆರೆಯ ಹತ್ತಿರ ಮಾಸ್ಕ್ ಕೈಯಲ್ಲಿ ಹಿಡಿದುಕೊಂಡು ನಿಂತು ನೋಡಿದೆ. ಗೋಲು ಬಿತ್ತು. ಕೋಚ್ ಏನೂ ಅನ್ನಲಿಲ್ಲ, ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡರು. ಬೈದಿದ್ದರೆ ವಾಸಿ ಇತ್ತು.

ಆದರೂ ತೆಗೆಯಲಿಲ್ಲ, ಯಾಕೆಂದರೆ ಬೇರೆ ಯಾರೂ ಕೇಳಿರಲಿಲ್ಲ. ನಾಲ್ಕನೇ ದಿನ ಒಂದು ಫ್ಲಿಕ್ ನನ್ನ ತೊಡೆಗೆ ಬಡಿಯಿತು. ಶಬ್ದ ಕೇಳಿ ಬೆಂಚಿನವರು ಎದ್ದು ನಿಂತರಂತೆ. ಅಂಪೈರ್ ನಮಗೆ ಫ್ರೀ ಹಿಟ್ ಕೊಟ್ಟರು. ಐದು ಮೀಟರ್ ಒಳಗಿರುವ ರಷರ್‌ಗೆ ಮೊದಲ ಹೊಡೆತ ಮೊಣಕಾಲಿಗೋ ಅದಕ್ಕಿಂತ ಮೇಲೋ ಬಡಿದರೆ ಅದು ಅಪಾಯಕಾರಿ ಹೊಡೆತ. ಮೊಣಕಾಲಿನ ಕೆಳಗೆ ಬಡಿದರೆ ಇನ್ನೊಂದು ಪೆನಾಲ್ಟಿ ಕಾರ್ನರ್, ಮತ್ತೆ ಮೊದಲಿಂದ ಓಡು. ಕುಂಟುತ್ತಾ ಹೊರಬಂದಾಗ ಕೋಚ್ ಐಸ್ ಕೊಟ್ಟು, "ದಾರಿ ಬಿಡಲಿಲ್ಲ" ಅಂದರು. ಹೊಗಳಿದ್ದು ಅದೊಂದೇ ಸಲ.

ಈ ಕೆಲಸದ ಬೆಲೆ ಎಷ್ಟು ಅಂತ ಕೇಳಿದರೆ ಈಗ ನಾನು ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸುತ್ತೇನೆ. 2024ರ ಕ್ವಾರ್ಟರ್‌ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿತ್ತು. ಹತ್ತೇ ಜನ ಆಡಿ ಬ್ರಿಟನ್ ವಿರುದ್ಧ ಶೂಟೌಟ್‌ನಲ್ಲಿ ಗೆದ್ದರು, ಅದನ್ನು ಎಲ್ಲರೂ ಕೊಂಡಾಡಿದರು. ಆದರೆ ಭಾರತದ ಫಸ್ಟ್ ರಷರ್ ಆ ರೋಹಿದಾಸ್ ಅವರೇ. ರೆಡ್ ಕಾರ್ಡ್‌ನಿಂದಾಗಿ ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಅವರು ಇರಲಿಲ್ಲ. 2-3ರಿಂದ ಸೋತೆವು. ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಿಂದ ಬಂದಾಗ ಮನೆಯಲ್ಲಿ ಕೂತಿದ್ದ ನಾನು ನನಗರಿವಿಲ್ಲದೆ ತೊಡೆ ಮುಟ್ಟಿಕೊಂಡೆ.

ಪಟ್ಟಿಯನ್ನು ರಾತ್ರಿ ಊಟದ ಹಾಲ್‌ನಲ್ಲಿ ಓದಿದರು. ನನ್ನ ಹೆಸರು ಹದಿನೇಳನೆಯದು. ನನ್ನ ರೂಮ್‌ಮೇಟ್ ವಿರಾಜಪೇಟೆಯ ಕಡೆಯವನು, ಅವನೂ ಫಾರ್ವರ್ಡ್. ನನಗಿಂತ ಚೆನ್ನಾಗಿ ಆಡುತ್ತಿದ್ದ, ಇದರಲ್ಲಿ ಎರಡು ಮಾತಿಲ್ಲ. ರಿವರ್ಸ್ ಹಿಟ್ ಅವನಂತೆ ಹೊಡೆಯುವವರು ಕ್ಯಾಂಪಿನಲ್ಲೇ ಇರಲಿಲ್ಲ. ಫಾರ್ವರ್ಡ್‌ಗಳಲ್ಲಿ ಅವನು ಆರನೆಯವನಾಗಿರಬೇಕು. ಹದಿನೆಂಟೂ ಮುಗಿದವು, ಅವನ ಹೆಸರು ಬರಲಿಲ್ಲ. ಅವನು ತಟ್ಟೆಯಲ್ಲಿದ್ದ ಅನ್ನ ಪೂರ್ತಿ ತಿಂದು ಎದ್ದ.

ರೂಮಿನಲ್ಲಿ ಏನು ಮಾತಾಡೋದು ಅಂತ ನನಗೆ ತಿಳಿಯಲಿಲ್ಲ. ಅವನು ಬ್ಯಾಗು ತುಂಬುತ್ತಾ ರಷರ್ ಹಾಕಿಕೊಳ್ಳುವ ಒಂದು ಜೊತೆ ಮೊಣಕಾಲಿನ ಪ್ಯಾಡ್ ತೆಗೆದು ನನ್ನ ಮಂಚದ ಮೇಲೆ ಎಸೆದ. ಹೊಸದು, ಲೇಬಲ್ ಕೂಡ ಕಿತ್ತಿರಲಿಲ್ಲ. "ನಾನೂ ತಂದಿದ್ದೆ ಮಾರಾಯ," ಅಂದ. "ನಿಲ್ಲೋಣ ಅಂತ ದಿನಾ ಅಂದುಕೊಂಡೆ. ಆಗಲಿಲ್ಲ." ಬೆಳಿಗ್ಗೆ ನಾನು ಏಳುವ ಮುಂಚೆ ಹೋಗಿದ್ದ.

ನಮ್ಮ ಸಂಸ್ಥೆ ತಂಡದ ಮೊದಲ ಲೀಗ್ ಪಂದ್ಯದಲ್ಲಿ ನಾನು ಆಡಿದ್ದು ಎಲ್ಲಾ ಸೇರಿಸಿ 14 ನಿಮಿಷ. ಗೋಲಿನ ಕಡೆ ಒಂದು ಹೊಡೆತವೂ ಇಲ್ಲ. ಎರಡು ಪೆನಾಲ್ಟಿ ಕಾರ್ನರ್‌ಗೆ ಓಡಿದೆ. ಒಂದನ್ನು ಕೀಪರ್ ಹಿಡಿದ, ಇನ್ನೊಂದು ನನ್ನ ಸ್ಟಿಕ್ಕಿಗೆ ತಗುಲಿ ಹೊರಗೆ ಹೋಯಿತು. ರಾತ್ರಿ ಅವ್ವ ಫೋನ್ ಮಾಡಿದಳು.

"ಎಷ್ಟ್ ಗೋಲ್ ಹೊಡದ್ಯೋ?"

"ಹೊಡಿಲಿಲ್ಲವ್ವಾ. ಒಂದ್ ತಡದೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮಾರಿ?"

"ಮಾರಿ ಛಂದ ಅದ."

"ಮತ್ತ ಹೇಳಬಾರದ?" ಅಂದು, ಹಿಂದೆ ನಿಂತಿದ್ದ ಅಪ್ಪನಿಗೆ ಫೋನ್ ಕೊಟ್ಟಳು.